ಎರಡು ಒಲೆ, ಒಬ್ಬಳೇ

ಯಾವ ಊರಿನೊಳಗೆ ಕಾಲಿಡುವ ಮೊದಲೂ ಅವರು ಹೊರಗೇ ಒಂದು ಗಳಿಗೆ ನಿಲ್ಲುತ್ತಿದ್ದರು. ಛತ್ರಿಯನ್ನು ನೆಲಕ್ಕೆ ಊರಿ, ಕತ್ತೆತ್ತಿ, ಮನೆಗಳ ಮಾಡಿನ ಮೇಲಿನ ಹೊಗೆ ಎಣಿಸುತ್ತಿದ್ದರು. ಆಫೀಸಿನಲ್ಲಿ ಅವರದು ಕನ್ನಡ, ಜಗಳಕ್ಕೆ ಮರಾಠಿ, ಎಣಿಸುವುದು ಮಾತ್ರ ಮನೆಯ ಕೊಂಕಣಿಯಲ್ಲಿ. ಏಕ್, ದೋನ್, ತೀನ್. ಗ್ಯಾಸ್ ಬಂದ ಮನೆಗಳ ಹೊಗೆ ಕಾಣುವುದಿಲ್ಲವಲ್ಲ ಸರ್ ಅಂತ ನಾನೊಮ್ಮೆ ಕೇಳಿದ್ದಕ್ಕೆ, "ಅದಕ್ಕೇ ಮತ್ತೆ ಒಳಗೆ ಹೋಗೋದು" ಅಂದಿದ್ದರು.

ಹೋದ ವಾರ ಅವರು ಸದಾಶಿವಗಡದ ತಮ್ಮ ಮನೆಯಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಅಂಕೋಲೆ ಮಾರ್ಕೆಟಿನಲ್ಲಿ ಅವ್ವನ ಪಕ್ಕ ಕೂತಿದ್ದೆ. ನನಗೆ ಮೊದಲು ಆದದ್ದು ಹೆದರಿಕೆ. ಅಳು ಬಂದದ್ದು ಸಂಜೆಗೆ, ಬಸ್ಸಿನಲ್ಲಿ. ಅವರು ಬದುಕಿದ್ದಾಗ ನನ್ನನ್ನು ಒಂದು ಸಲವೂ ಗದರಿಸಿದವರಲ್ಲ. ಆದರೂ ಅವರ ಎದುರು ಹೋಗಿ ನಿಲ್ಲುವ ಧೈರ್ಯ ನನಗೆ ಕೊನೆಯ ಮೂರು ವರ್ಷ ಇರಲಿಲ್ಲ. ಅದು ಯಾಕೆಂದು ಹೇಳದೆ ಅವರ ಬಗ್ಗೆ ಬರೆದರೆ ಬರೆದಂತಾಗುವುದಿಲ್ಲ.

ನಮ್ಮ ಕೇರಿಯಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ನಾನು ಈಗಲೂ ಕತ್ತೆತ್ತಿಯೇ ಹೇಳುತ್ತೇನೆ. ಅವ್ವ ಬಸಲೆ, ಹರಿವೆ, ಗೆಣಸು ಹೊತ್ತು ಮಾರುವವಳು. ಅಪ್ಪನಿಗೆ ಸಹಿ ಬರುತ್ತಿರಲಿಲ್ಲ. ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿ ಕಾರವಾರದಲ್ಲಿ ಒಂದು ಸರ್ವೆ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ಮೂರು. ನೌಕಾನೆಲೆಗೆ ಜಾಗ ಬಿಟ್ಟು ಬಂದ ಕುಟುಂಬಗಳನ್ನು ಹೊಸ ಕಾಲೊನಿಗಳಲ್ಲಿ ಕೂರಿಸಿ ಕೆಲವು ವರ್ಷ ಆಗಿತ್ತು. ಅವರ ಜೀವನಮಟ್ಟ ಎಷ್ಟು ಸುಧಾರಿಸಿದೆ ಎಂದು ಅಳೆದು ವರದಿ ಕೊಡುವ ಗುತ್ತಿಗೆಯನ್ನು ಹೊರಗಿನ ಒಂದು ಸಂಸ್ಥೆ ಹಿಡಿದಿತ್ತು. ಮ್ಯಾನೇಜರ್ ಹೊರಗಿನವರು, ಇನ್ನೂ ಮೂವತ್ತರ ಪ್ರಾಯ, ಮಾತಿಗೊಮ್ಮೆ ಮೊಬೈಲ್ ನೋಡುವವರು. ಹೊಗೆ ಎಣಿಸುತ್ತಿದ್ದ ಇವರು ಸರಕಾರಿ ಎಣಿಕೆ ಕೆಲಸದಿಂದ ನಿವೃತ್ತರಾಗಿ, ಗುತ್ತಿಗೆಯ ಮೇಲೆ ನಮ್ಮ ಮೇಲ್ವಿಚಾರಕರಾಗಿ ಬಂದವರು. ಸಣಕಲು ದೇಹ, ಅರ್ಧ ತೋಳಿನ ಅಂಗಿ, ಕಿವಿಯ ಮೇಲೆ ಪೆನ್ಸಿಲ್.

ಆ ಪೆನ್ಸಿಲೇ ನನ್ನ ಹೆದರಿಕೆಯ ಮೂಲ.

ಫಾರಂನಲ್ಲಿ ಅಚ್ಚಾದ ಪ್ರಶ್ನೆಗಳಿದ್ದವು. ಮನೆಯಲ್ಲಿ ಎಷ್ಟು ಜನ, ಗೋಡೆ ಎಂಥದ್ದು, ಟಿವಿ ಇದೆಯೋ, ಬೈಕ್ ಇದೆಯೋ, ತಿಂಗಳ ಖರ್ಚು ಎಷ್ಟು. ಅಷ್ಟು ತುಂಬಿದ ಮೇಲೆ ಇವರು ಫಾರಂ ತಿರುಗಿಸಿ ಹಿಂಬದಿಯ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ತಮ್ಮದೇ ಪ್ರಶ್ನೆ ಬರೆದುಕೊಳ್ಳುತ್ತಿದ್ದರು. ಒಣಗಲು ಹಾಕಿದ ಮೀನನ್ನು ನೀವು ಇಲ್ಲದಾಗ ಕಾಗೆಯಿಂದ ಯಾರು ಕಾಯುತ್ತಾರೆ? ಪೇಟೆಗೆ ಹೋದರೆ ಬೀಗ ಹಾಕುತ್ತೀರೋ, ಪಕ್ಕದವರಿಗೆ ಹೇಳಿ ಹೋಗುತ್ತೀರೋ? ಮಧ್ಯಾಹ್ನ ಊಟ ಆದ ಮೇಲೆ ಕಣ್ಣು ಹತ್ತುತ್ತದಾ? ಪ್ರತಿ ಮನೆಯಲ್ಲೂ ತಪ್ಪದೆ ಕೇಳುತ್ತಿದ್ದ ಕೊನೆಯ ಪ್ರಶ್ನೆ ಒಂದಿತ್ತು: ನಿಮ್ಮ ಒಲೆಯ ಮೇಲೆ ಬೆಂದದ್ದನ್ನು ನಿಮ್ಮವರಲ್ಲದೆ ಮತ್ತೆ ಯಾರು ಉಣ್ಣುತ್ತಾರೆ?

"ಇದನ್ನೆಲ್ಲ ಯಾರು ಕೂಡಿಸ್ತಾರೆ ಸರ್?" ಅಂದೆ ಮೊದಲ ವಾರ.

"ಯಾರೂ ಇಲ್ಲ."

"ಮತ್ತೆ ಎಂತಕ್ಕೆ ಬರೀತೀರಿ?"

"ಕೇಳಿದ ಮೇಲೆ ಬರೀದೇ ಇರೋಕೆ ನಾಚಿಕೆ ಆಗ್ತದೆ."

ಮನೆಯವರು ಏನು ಕೊಟ್ಟರೂ ಕುಡಿಯುತ್ತಿದ್ದರು. ಗಂಜಿ ತಿಳಿ, ಕೋಕಂ ನೀರು, ಸಕ್ಕರೆ ಜಾಸ್ತಿಯಾದ ಚಹಾ. ನಾನು ಬೇಡವೆಂದರೆ ಹೊರಗೆ ಬಂದ ಮೇಲೆ ಹೇಳುತ್ತಿದ್ದರು: "ಬೇಡ ಅಂದ್ಯಲ್ಲ, ಇನ್ನು ಅವಳು ನಿಂಗೆ ಮಾಹಿತಿ ಕೊಡ್ತಾಳೆ. ಉತ್ತರ ಕೊಡೋದಿಲ್ಲ."

ಕಾಲೇಜಿನಲ್ಲಿ ಕಲಿತದ್ದನ್ನು ನಾನು ಬಿಟ್ಟುಕೊಡುವವಳಾಗಿರಲಿಲ್ಲ. ಅವರೊಡನೆ ವಾದ ಮಾಡುತ್ತಿದ್ದೆ. ಒಮ್ಮೆ ಚೆಂಡಿಯಾದ ಹತ್ತಿರ ರಸ್ತೆ ಬದಿಯಲ್ಲಿ ಕೂತು ಬುತ್ತಿ ಬಿಚ್ಚಿದಾಗ ರಂಪಣಿಯ ಮಾತು ಬಂತು. ರಂಪಣಿ ಅಂದರೆ ದಡದಿಂದಲೇ ಎಳೆಯುವ ಭಾರೀ ಬಲೆ. ಅದರ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಒಂದು ಪಾಲು ಮೀನು, ಕೈಲಾಗದ ವಿಧವೆಯರಿಗೂ ಒಂದು ಹಿಡಿ. ಜಾಗ ಬಿಟ್ಟು ಬಂದವರಿಗೆ ಆ ದಡ ಈಗ ಬೇಲಿಯ ಆಚೆ. ಮೀನನ್ನು ಬುಟ್ಟಿ ಹೊತ್ತು ಬರುವವಳಿಂದ ಕೊಳ್ಳಬೇಕು.

"ನಿನ್ನ ಫಾರಂನಲ್ಲಿ ಆ ಹಗ್ಗದ ಮೀನು ಎಲ್ಲಿ ಬರ್ತಿತ್ತು?" ಅಂದರು.

"ಎಲ್ಲೂ ಇಲ್ಲ ಸರ್. ಕೊಂಡದ್ದಲ್ಲವಲ್ಲ."

"ಈಗ?"

"ತಿಂಗಳ ಖರ್ಚಿನಲ್ಲಿ ಬರ್ತದೆ."

"ಖರ್ಚು ಏರಿತು. ಅಂದ್ರೆ?"

ಜೀವನಮಟ್ಟ ಸುಧಾರಿಸಿತು ಅನ್ನಬೇಕಿತ್ತು. ಬದಲಿಗೆ ಸಿಟ್ಟು ಬಂತು. "ಸರ್, ನಮ್ಮನೆಗೆ ಕರೆಂಟು ಬಂದ ವರ್ಷ ನಾನು ಏಳನೇ ಕ್ಲಾಸು. ಅದು ಬರದಿದ್ರೆ ನಾನೂ ಇವತ್ತು ಬುಟ್ಟಿ ಹೊರ್ತಿದ್ದೆ. ಹಂಚಿಕೊಂಡು ಉಣ್ಣೋದು ಚಂದ ಅನ್ನೋರಿಗೆ, ಹಂಚಿದ ಗಂಜಿ ಎಷ್ಟು ತೆಳ್ಳಗೆ ಇರ್ತದೆ ಅಂತ ಗೊತ್ತಿಲ್ಲ."

ಅವರು ಬುತ್ತಿಯ ಡಬ್ಬಿ ಮುಚ್ಚಿದರು. ತಪ್ಪು ಮಾತಾಡಿದೆನೋ ಅನ್ನಿಸಿತು.

"ಹೌದು" ಅಂದರು. "ಕರೆಂಟು ಮುಂದಿನ ಬದಿಗೆ ಬರಿ. ಅದು ಸುಳ್ಳಲ್ಲ. ಗಂಜಿ ತೆಳ್ಳಗಿತ್ತು ಅಂತ ಹಿಂದಿನ ಬದಿಗೆ ಬರಿ. ಎರಡೂ ಬರಿ ಮಾರಾಯ್ತಿ. ಒಂದೇ ಬದಿ ಓದಿ ಊರು ಮುಂದೆ ಬಂತು ಅನ್ನಬೇಡ, ಅಷ್ಟೇ ನಾ ಹೇಳೋದು."

ಆದರೆ ಫಾರಂಗಳನ್ನು ಪರೀಕ್ಷಿಸುತ್ತಿದ್ದವರು ಮ್ಯಾನೇಜರ್. ಅವರು ಒಂದು ದಿನ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದರು: "ಹಿಂಬದಿ ಏನಾದರೂ ಗೀಚಿದ್ದು ಕಂಡರೆ ಇಡೀ ಕಟ್ಟು ರಿಜೆಕ್ಟ್. ಬರೆದವರು ಮನೆಗೆ." ಅದನ್ನು ಹೇಳುವಾಗ ಅವರು ನೋಡಿದ್ದು ನನ್ನನ್ನು. ಇವರಿಗೆ ಪಿಂಚಣಿ ಇತ್ತು, ನನಗೆ ಏನಿತ್ತು? ಕೆಲಸ ಹೋಯಿತೆಂದು ಅಂಕೋಲೆಗೆ ವಾಪಸು ಹೋಗಿ ಅವ್ವನ ಪಕ್ಕ ಬುಟ್ಟಿ ಇಟ್ಟು ಕೂರುವುದನ್ನು ನೆನೆಯಲೂ ಆಗುತ್ತಿರಲಿಲ್ಲ. ಬುಟ್ಟಿಗೆ ನಾಚಿಕೆ ಇಲ್ಲ. ಓದಿಸಿದವಳ ಮುಖ ನೋಡಲು ಹೆದರಿಕೆ.

ತೋಡೂರಿನ ಆಚೆ ಗುಡ್ಡದ ಬುಡದಲ್ಲಿ ಒಂದು ಕಾಲೊನಿ ನನ್ನ ಪಾಲಿಗೆ ಬಂದಿತ್ತು. ಎರಡೇ ಸಾಲು ಮನೆ, ಒಂದೇ ಅಚ್ಚಿನವು, ಬಾಗಿಲ ಮೇಲೆ ನಂಬರ್. ಮನೆಗಳನ್ನು ಚೀಟಿ ಎತ್ತಿ ಹಂಚಿದ್ದರಿಂದ ಹಳೆಯ ಊರಿನ ನೆರೆಮನೆಯವರು ಇಲ್ಲಿ ಎಲ್ಲೆಲ್ಲೋ ಬಿದ್ದಿದ್ದರು. ದೂರದಲ್ಲಿ ಬಂಡೆ ಒಡೆಯುವ ಮದ್ದಿನ ಸದ್ದು ಕೇಳಿದಾಗಲೆಲ್ಲ ಶೆಲ್ಫಿನ ಲೋಟಗಳು ನಡುಗುತ್ತಿದ್ದವು. ಅಲ್ಲಿಯ ಹೆಂಗಸರು ಮೆತ್ತಗೆ ಮಾತಾಡುತ್ತಿದ್ದರು. ಕಾಗದ ಕಂಡರೆ ಅವರಿಗೆ ಭಯ. ಹಳೆಯ ಊರಿನಲ್ಲಿ ಕಾಗದದಲ್ಲಿ ಇದ್ದದ್ದಕ್ಕೆ ಮಾತ್ರ ಬದಲಿ ಸಿಕ್ಕಿತ್ತು. ಕಾಗದದಲ್ಲಿ ಇಲ್ಲದ ಹಿತ್ತಲು, ದಾರಿ, ಬಾವಿಯ ಪಾಲು ಇವೆಲ್ಲ ಇರಲೇ ಇಲ್ಲ ಎಂದಾಗಿಬಿಟ್ಟಿತ್ತು.

ಅಲ್ಲಿ ಒಬ್ಬಳು ಅಜ್ಜಿ. ಗಂಡ ಸಮುದ್ರಕ್ಕೆ ಹೋಗಿ ಬರಲಿಲ್ಲ, ಮಕ್ಕಳಿಲ್ಲ. ಹಳೆಯ ಊರಿನಲ್ಲಿ ಅಕ್ಕಪಕ್ಕದ ಎರಡು ಮನೆಯವರು ಅವಳನ್ನು ಹಂಚಿಕೊಂಡಿದ್ದರು. ಬೆಳಗಿನ ಗಂಜಿ, ಮಧ್ಯಾಹ್ನದ ಊಟ ಗಿರಿಜಾ ಎಂಬವಳ ಮನೆಯಲ್ಲಿ. ಸಂಜೆಯ ಊಟ, ಹಿಂಬದಿಯ ಚಪ್ಪರದಲ್ಲಿ ಮಲಗುವುದು ದೇವಕಿಯ ಮನೆಯಲ್ಲಿ. ಇಬ್ಬರಿಗೂ ಅವಳು ರಕ್ತಸಂಬಂಧಿ ಅಲ್ಲ. ಕಾಲೊನಿಗೆ ಬಂದ ಮೇಲೆ ದೇವಕಿ ಮೇಲಿನ ಸಾಲು, ಗಿರಿಜಾ ಕೆಳಗಿನ ಸಾಲು. ನಡುವೆ ರಸ್ತೆ. ಅಜ್ಜಿ ತನ್ನ ಅಲ್ಯೂಮಿನಿಯಂ ಬೋಗುಣಿ ಹಿಡಿದು ದಿನಾ ಆ ರಸ್ತೆ ದಾಟುತ್ತಿದ್ದಳು.

ನಾನು ಮೊದಲ ಸಲ ಹೋದಾಗ ದೇವಕಿಯೂ "ನಮ್ಮವಳೇ, ಬರ್ಕೊ" ಅಂದಳು, ಗಿರಿಜಾಳೂ "ನಮ್ಮವಳೇ" ಅಂದಳು. ಎರಡೂ ಫಾರಂನಲ್ಲಿ ಬರೆದುಕೊಂಡು ಬಂದೆ. ಇವರು ನೋಡಿ ನಕ್ಕರು. ಎರಡೂ ಫಾರಂಗಳ ಹಿಂಬದಿ ಪೆನ್ಸಿಲಿನಿಂದ ಒಂದೇ ಮಾತು ಬರೆದರು: "ಎರಡು ಒಲೆ, ಒಬ್ಬಳೇ. ಕೇಳಿ, ಒಂದು ಕಡೆ ತೆಗೆ."

ಅಜ್ಜಿ ಎಷ್ಟು ಹೊತ್ತು ಎಲ್ಲಿ ಉಣ್ಣುತ್ತಾಳೆ ಎಂದು ಹೋಗಿ ದೇವಕಿಯನ್ನು ಕೇಳಿದೆ. ನಿಯಮದಲ್ಲಿ ಹೆಚ್ಚು ಊಟ ಎಲ್ಲಿಯೋ ಆ ಮನೆ. "ಹಾಗಾದ್ರೆ ಗಿರಿಜಾ ಮನೆಗೆ ಬರೀತೆ, ಇಲ್ಲಿ ತೆಗೀತೆ" ಅಂದು ಅಡ್ಡಗೀಟು ಎಳೆದೆ. ದೇವಕಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು: "ತೆಗೆದ್ರೆ ಎಂತಾದ್ರೂ ಆಗ್ತದಾ?"

"ಎಂತದೂ ಆಗೋದಿಲ್ಲ" ಅಂದೆ. ಅವಸರದಲ್ಲಿದ್ದೆ. ಇನ್ನೂ ಎಷ್ಟೋ ಮನೆ ಉಳಿದಿತ್ತು.

ಮೂರೋ ನಾಲ್ಕೋ ದಿನದ ಮೇಲೆ ಹೆದ್ದಾರಿಯ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಗಿರಿಜಾ ಸಿಕ್ಕಳು. ಕಾಲೊನಿಯ ಹೆಂಗಸರು ನನ್ನನ್ನು ಕರೆಯುತ್ತಿದ್ದದ್ದು ಬಾಯಿ, ಅಂದರೆ ಅಕ್ಕೋರೇ ಅಂತ. "ಬಾಯೀ, ನಮ್ಮನೆ ಕಾಗದದಲ್ಲಿ ಎಷ್ಟು ತಲೆ ಬರದ್ಯೆ?" ಚೀಲದಿಂದ ಅವಳ ಫಾರಂ ತೆಗೆದೆ. ಹಿಂಬದಿ ಪೆನ್ಸಿಲ್ ಬರಹ ಹಾಗೇ ಇತ್ತು: ಒಂದು ಕಡೆ ತೆಗೆ. ದೇವಕಿಯ ಫಾರಂನಲ್ಲಿ ತೆಗೆದಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಅಷ್ಟು ಮನೆಗಳಲ್ಲಿ ಅಷ್ಟು ಗೀಟು ಎಳೆದಿದ್ದೆ. ಬಸ್ಸು ತಿರುವಿನಲ್ಲಿ ಕಾಣಿಸಿತು. ನಿಯಮ ನೆನೆಯಲು ಪುರಸೊತ್ತಿರಲಿಲ್ಲ. "ಅಜ್ಜಿ ಮಲಗೋ ಮನೆಗೆ ಹೋಯ್ತು, ನಿಮ್ಮಲ್ಲಿ ಇಲ್ಲ" ಅಂದು ನಿಂತಲ್ಲೇ ಗೀಟು ಎಳೆದೆ.

ಅದೇ ವಾರ, ಕಟ್ಟು ಒಪ್ಪಿಸುವ ದಿನ ಬೆಳಿಗ್ಗೆ ಬೇಗ ಆಫೀಸಿಗೆ ಬಂದು, ಇವರು ಬರುವ ಮೊದಲು, ರಬ್ಬರ್ ಹಿಡಿದು ನನ್ನ ಕಟ್ಟಿನ ಎಲ್ಲ ಫಾರಂಗಳ ಹಿಂಬದಿಯನ್ನು ಅಳಿಸಿ ಹಾಕಿದೆ. ಕಾಗೆಯಿಂದ ಮೀನು ಕಾಯುವವರು, ಬೀಗ ಹಾಕದ ಮನೆಗಳು, ಮಧ್ಯಾಹ್ನದ ನಿದ್ದೆ, ಎಲ್ಲ. ಮೇಜಿನ ಮೇಲೆ ಬೂದುಬಣ್ಣದ ಪುಡಿ ಬಿತ್ತು. ಊದಿದೆ.

ಇವರು ಬಂದರು. ಕಟ್ಟನ್ನು ತಿರುವಿ ನೋಡಿದರು. ಖಾಲಿ ಹಿಂಬದಿಯ ಮೇಲೆ ಬೆರಳಾಡಿಸಿದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡರು.

ಎಂಟು ದಿನದ ಮೇಲೆ ಮ್ಯಾನೇಜರ್ ನನ್ನನ್ನು ಎಲ್ಲರ ಎದುರು ಹೊಗಳಿದರು. ಮೊದಲ ಕರಡು ಲೆಕ್ಕಕ್ಕಿಂತ ಕೊನೆಯ ಲೆಕ್ಕದಲ್ಲಿ ನನ್ನ ಕಾಲೊನಿಯ ತಲಾ ಖರ್ಚಿನ ಸರಾಸರಿ ಏರಿತ್ತು. "ಇದು ನೋಡಿ ಮಾದರಿ ಕಾಲೊನಿ" ಅಂದರು. ನನ್ನ ಕಿವಿ ಬಿಸಿಯಾಯಿತು, ಹೆಮ್ಮೆಯಿಂದ. ಆಗ ಇವರು ಮೂಲೆಯಿಂದ ಎದ್ದು ಬಂದು ಕರಡಿನ ಹಾಳೆ, ಕೊನೆಯ ಹಾಳೆ ಎರಡನ್ನೂ ಅಕ್ಕಪಕ್ಕ ಇಟ್ಟರು.

"ಒಂದು ವಾರದಲ್ಲಿ ಯಾರೂ ಹೊಸ ಬೈಕು ತಗೊಂಡಿಲ್ಲ, ಯಾರಿಗೂ ನೌಕರಿ ಆಗಿಲ್ಲ. ಊರು ಮುಂದೆ ಬಂತಲ್ಲ ಸಾಹೇಬ್ರೆ, ಯಾರನ್ನ ಬಿಟ್ಟು ಬಂತು?"

ಮ್ಯಾನೇಜರ್ ನಕ್ಕು ಮೊಬೈಲ್ ಎತ್ತಿಕೊಂಡು ಹೊರಗೆ ಹೋದರು. ಇವರು ನನ್ನ ಮೇಜಿನ ಬಳಿ ಕೂತು ಮನೆಮನೆಯ ತಲೆಗಳನ್ನು ಬೆರಳಿನ ಗೆಣ್ಣಿನ ಮೇಲೆ ಎಣಿಸಿದರು. ಎರಡು ಸಲ. ಆಮೇಲೆ "ಏಕ್ ಉಣೆ" ಅಂದರು. ಇರಬೇಕಾದದ್ದಕ್ಕಿಂತ ಒಂದು ಕಡಿಮೆ.

ನನಗೆ ಆಗಲೇ ಗೊತ್ತಾಗಿತ್ತು.

"ನಡಿ, ಹೋಗಿ ಬರೋಣ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಕಾಗದದಲ್ಲಿ ತಪ್ಪಿದರೆ ಏನಂತೆ, ಅಜ್ಜಿ ಅಲ್ಲೇ ಇದ್ದಾಳಲ್ಲ. ದಾಟುತ್ತಿದ್ದಾಳಲ್ಲ ರಸ್ತೆ. ಒಂದು ಹೆಸರು ತಾನೆ. ತಿದ್ದಿದರಾಯಿತು.

ಕಾಲೊನಿಗೆ ಹೋದಾಗ ಮಧ್ಯಾಹ್ನ ಮೀರಿತ್ತು. ದೇವಕಿ ಹೊರಗೆ ಬಟ್ಟೆ ಹಿಂಡುತ್ತಿದ್ದಳು. ಇವರು ಎಂದಿನಂತೆ ಮೊದಲು ನೀರು ಕೇಳಿದರು, ಕುಡಿದರು. "ಅಜ್ಜಿ ಎಲ್ಲಿ?"

"ಗಿರಿಜಾ ಮನೇಲಿ ಇರ್ಬೇಕು. ಈಗ ಅಲ್ಲೇ ಮೂರು ಹೊತ್ತೂ ಉಂಬುದು. ಇಲ್ಲಿ ಬರೀ ಮಲಗೂಕೆ ಬತ್ತದೆ."

ಗಿರಿಜಾ ಮನೆಗೆ ಇಳಿದೆವು. ಅವಳು ಒಳಗಿನಿಂದಲೇ ಕೂಗಿದಳು: "ಅಜ್ಜಿನಾ? ಇಲ್ಲಿ ಎಲ್ಲಿ ಅದೆ? ಅದು ಈಗ ದೇವಕಿ ಮನೇದಲ್ವಾ. ಅಲ್ಲೇ ಉಣ್ತದೆ."

ಇವರು ರಸ್ತೆಯ ನಡುವೆ ನಿಂತರು. ಮೇಲಿನ ಸಾಲು ನೋಡಿದರು, ಕೆಳಗಿನ ಸಾಲು ನೋಡಿದರು. ಅವರ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಷ್ಟರಲ್ಲಿ ದೇವಕಿಯೂ ಕೈ ಒರೆಸಿಕೊಳ್ಳುತ್ತ ಇಳಿದು ಬಂದಳು, ಗಿರಿಜಾಳೂ ಹೊರಗೆ ಬಂದಳು.

"ನಿನ್ನಲ್ಲಿ ಉಣ್ತದೆ ಹೇಳ್ತಲ್ಲೆ ಅದು!" ಅಂದಳು ದೇವಕಿ.

"ನನ್ನಲ್ಲಿ? ನಿನ್ನಲ್ಲಿ ಉಂಡೆ ಹೇಳಿ ಬೋಗುಣಿ ತೋರ್ಸ್ತದೆ ನಂಗೆ. ತೊಳೆದ ಬೋಗುಣಿ!"

"ದೇವರೇ."

"ಕರ್ದು ಹಾಕೂಕೆ ಎಂತಾಗಿತ್ತು ನಿಂಗೆ?"

"ನಿಂಗೆ ಎಂತಾಗಿತ್ತು? ಕಾಗದದಲ್ಲಿ ನಿನ್ ಮನೆಗೆ ಬರದದೆ ಹೇಳಿ ಈ ಬಾಯಿನೇ ಹೇಳ್ತು." ದೇವಕಿ ನನ್ನ ಕಡೆ ಬೆರಳು ತೋರಿಸಿದಳು. "ಅಲ್ಲಿ ಬರದವಳು ಇಲ್ಲಿ ಉಂಡ್ರೆ ಸುಳ್ಳು ಹೇಳ್ದಂಗೆ ಆಗ್ತದೆ, ಮನೆ ಕ್ಯಾನ್ಸಲ್ ಮಾಡ್ತ್ರು ಹೇಳಿ ನಮ್ಮನೆಯವ್ರು ಹೆದರಿದ್ರು. ಒಂದು ಮನೆ ಹೋದ್ದು ಸಾಕಲ್ವಾ ನಮಗೆ?"

ಗಿರಿಜಾ ಮೆತ್ತಗೆ ಅಂದಳು: "ನಮಗೂ ಅದೇ ಹೆದರಿಕೆ."

ಇವರು ನನ್ನನ್ನು ನೋಡಿದರು. ಎರಡು ಗೀಟು ಅವರ ಕಣ್ಣಿಗೆ ಕಂಡಂತೆ ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಹಗಲು ಎಲ್ಲಿ ಇರ್ತಾಳೆ?"

ಬೆಳಿಗ್ಗೆ ಬೋಗುಣಿ ಹಿಡಿದು ಹೆದ್ದಾರಿಯ ಕಡೆ ಹೋಗುವುದನ್ನು ಗಿರಿಜಾ ಕಂಡಿದ್ದಳು. ನಾವು ನಾಲ್ವರೂ ಓಡಿದೆವು. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಇವರ ಛತ್ರಿ ಕೈಯಲ್ಲೇ ಮಡಚಿದಂತೆ ಇತ್ತು, ಬಿಚ್ಚುವುದು ನೆನಪಿರಲಿಲ್ಲ. ನನ್ನ ತಲೆಯಲ್ಲಿ ಒಂದೇ ಮಾತು: ಸತ್ತಿದ್ದರೆ. ಸತ್ತಿದ್ದರೆ ಅದು ಯಾವ ಫಾರಂನಲ್ಲೂ ಬರುವುದಿಲ್ಲ. ಇಲ್ಲದವಳು ಸಾಯುವುದು ಹೇಗೆ? ಕೊಂದವಳು ನಾನು ಮಾತ್ರ ಇರುತ್ತೇನೆ.

ನಾನು ಗೀಟು ಎಳೆದ ಅದೇ ಬಸ್ ಸ್ಟಾಪಿನ ಒಳಗೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಬೋಗುಣಿ, ಅದರ ಮೇಲೆ ಸೆರಗು. ತುಟಿ ಒಡೆದಿತ್ತು. ಕಣ್ಣು ತೆರೆದಿತ್ತು. ನಮ್ಮನ್ನು ಕಂಡು ಏಳಲು ನೋಡಿದಳು, ಆಗಲಿಲ್ಲ.

ಇವರು ಅವಳೆದುರು ನೆಲದ ಮೇಲೆ ಕೂತರು. "ಅಜ್ಜೀ, ಊಟ ಆಯ್ತಾ?"

"ಆಯ್ತು."

"ಎಲ್ಲಿ?"

"ಆ ಮನೇಲಿ."

"ಯಾವ ಮನೇಲಿ?"

ಅವಳು ಕೈ ಎತ್ತಿದಳು. ಮೊದಲು ದೇವಕಿಯನ್ನು ನೋಡಿದಳು, ಆಮೇಲೆ ಗಿರಿಜಾಳನ್ನು. ಇಬ್ಬರೂ ಎದುರಿಗೇ ಇದ್ದರು. ಯಾರ ಕಡೆ ತೋರಿಸಿದರೂ ಒಬ್ಬಳ ಮೇಲೆ ತಪ್ಪು ಬರುತ್ತಿತ್ತು. ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಬೋಗುಣಿಯ ತಳದಲ್ಲಿ ನೆನೆಸಿದ ಅವಲಕ್ಕಿಯ ನಾಲ್ಕು ಕಾಳು ಅಂಟಿಕೊಂಡಿತ್ತು. ಸೆರಗಿನ ತುದಿಯಲ್ಲಿ ಇನ್ನೊಂದು ಹಿಡಿ ಕಟ್ಟಿಕೊಂಡಿದ್ದಳು. ಅಷ್ಟರಲ್ಲೇ ಅವಳು ದಿನ ನೂಕಿದ್ದಳು. ದೇವಕಿ ತಲೆ ಚಚ್ಚಿಕೊಂಡು ಅತ್ತಳು. ಗಿರಿಜಾ ಅಳಲಿಲ್ಲ. ಅಜ್ಜಿಯನ್ನು ಮಗುವಿನ ಹಾಗೆ ಎತ್ತಿ ಸೊಂಟಕ್ಕೆ ಹಾಕಿಕೊಂಡು ಸರಸರನೆ ನಡೆದಳು. ಅಷ್ಟು ಹಗುರ ಇದ್ದಳು ಅಜ್ಜಿ.

ಗಿರಿಜಾಳ ಜಗಲಿಯಲ್ಲಿ ಅವಳಿಗೆ ಗಂಜಿ ತಿಳಿಯನ್ನು ಚಮಚದಲ್ಲಿ ಕುಡಿಸುತ್ತಿದ್ದಾಗ ಇವರು ನನ್ನ ಚೀಲ ಕೇಳಿದರು. ಎರಡು ಹೊಸ ಫಾರಂ ತೆಗೆದರು. ಪೆನ್ಸಿಲ್ ಅಲ್ಲ, ನನ್ನ ಪೆನ್ನು ಬೇಕೆಂದರು. ಆಮೇಲೆ ಅದನ್ನೂ ನನಗೇ ವಾಪಸು ಕೊಟ್ಟು, "ನೀ ಬರಿ" ಅಂದರು. "ದೇವಕಿ ಮನೆಯಲ್ಲಿ ಅಜ್ಜಿ. ಗಿರಿಜಾ ಮನೆಯಲ್ಲಿ ಅಜ್ಜಿ. ಎರಡೂ ಕಡೆ ಬರಿ. ಬರೆದು ದೊಡ್ಡದಾಗಿ ಓದು, ಇವರಿಗೆ ಕೇಳಲಿ."

"ಸರ್, ಒಬ್ಬಳನ್ನು ಎರಡು ಸಲ... ಸರಾಸರಿ..."

"ಇಳೀಲಿ."

ಬರೆದೆ. ಓದಿದೆ. ಅಕ್ಕಪಕ್ಕದ ಮನೆಗಳ ಹೆಂಗಸರೂ ಬಾಗಿಲಿಗೆ ಬಂದು ಕೇಳಿದರು. "ಈಗ ಎರಡೂ ಕಡೆ ಉಂಡ್ರೆ ತೊಂದರೆ ಇಲ್ವಲ್ಲ?" ಅಂತ ದೇವಕಿ ಮೂರು ಸಲ ಕೇಳಿದಳು. ಮೂರು ಸಲವೂ ಇವರು "ಇಲ್ಲ ತಂಗೀ" ಅಂದರು.

ಮರುದಿನ ಮ್ಯಾನೇಜರ್ ಎರಡೂ ಫಾರಂಗಳನ್ನು ಹಿಡಿದು ಕೂಗಾಡಿದರು. ಒಬ್ಬ ಮನುಷ್ಯ ಎರಡು ಕಡೆ ಇರಲು ಹೇಗೆ ಸಾಧ್ಯ, ಮೊದಲು ಎರಡೂ ಕಡೆ ತೆಗೆದವರು ಯಾರು, ಇದು ಈ ಮುದುಕರ ಪೆನ್ಸಿಲ್ ಆಟವೇ. ಇವರು "ನನ್ನ ಮೇಲ್ವಿಚಾರಣೆ, ನನ್ನ ಜವಾಬ್ದಾರಿ" ಅಂದರು. ನಾನು ಅಲ್ಲೇ ನಿಂತಿದ್ದೆ. ನಾನೇ ಸರ್, ಎರಡೂ ಗೀಟು ನನ್ನವು, ರಬ್ಬರೂ ನನ್ನದು ಅನ್ನಬೇಕಿತ್ತು. ಅನ್ನಲಿಲ್ಲ. ಅವ್ವನ ಬುಟ್ಟಿ ಕಣ್ಣ ಮುಂದೆ ಬಂತು. ಮ್ಯಾನೇಜರ್ ಕೆಂಪು ಪೆನ್ನಿನಿಂದ ದೇವಕಿಯ ಫಾರಂನಲ್ಲಿ ಅಜ್ಜಿಯನ್ನು ಹೊಡೆದು ಹಾಕಿ ಕಟ್ಟನ್ನು ಮೇಲಕ್ಕೆ ಕಳಿಸಿದರು. ಅಜ್ಜಿ ಒಂದು ಮನೆಯಲ್ಲಿ ಉಳಿದಳು. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ಕಾಲೊನಿಯಲ್ಲಿ ಇದನ್ನು ಯಾರಿಗೂ ಹೇಳಬೇಡ ಅಂತ ಇವರು ಮೆಟ್ಟಿಲ ಮೇಲೆ ಹೇಳಿದರು. ಆ ತಿಂಗಳ ಕೊನೆಗೆ ಅವರ ಗುತ್ತಿಗೆ ಮುಗಿಯಿತು. ನನ್ನದು ಮುಂದುವರಿಯಿತು.

ಮುಂದಿನ ವರ್ಷ ಸರಕಾರಿ ನೌಕರಿಯ ಆರ್ಡರ್ ನನ್ನ ಕೈಗೆ ಬಂತು. ಅದೂ ಎಣಿಕೆಯದೇ ಕೆಲಸ. ನಮ್ಮ ಕೇರಿಗೆ ಕೇರಿಯೇ ಆ ಕಾಗದವನ್ನು ಮುಟ್ಟಿ ನೋಡಿತು. ಪೇಡೆಯ ಪೊಟ್ಟಣ ಹಿಡಿದು ಸದಾಶಿವಗಡಕ್ಕೆ ಹೋದೆ. ಸೇತುವೆಯ ಮೇಲೆ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡಲೇ ಅನ್ನಿಸಿತ್ತು. ಅವರು ಅಂಗಳದಲ್ಲಿ ಹರಿದ ಬಲೆಯೊಂದನ್ನು ಹೊಲಿಯುತ್ತಿದ್ದರು. ಆರ್ಡರನ್ನು ಪೂರ್ತಿ ಓದಿದರು. "ಒಳ್ಳೇದಾಯ್ತು. ನಿನ್ನಮ್ಮನಿಗೆ ಕಾಲು ಚಾಚಿ ಕೂರೋ ಹಾಗಾಯ್ತು" ಅಂದರು. ಅದು ಬಾಯಿಮಾತಲ್ಲ, ಅವರ ಕಣ್ಣು ತುಂಬಿತ್ತು. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬಲೆಯ ಕಡೆ ನೋಡುತ್ತ ಕೇಳಿದರು: "ಅಜ್ಜಿ ಉಣ್ತಾಳಾ?"

ನನಗೆ ಗೊತ್ತಿರಲಿಲ್ಲ. ಅದಾದ ಮೇಲೆ ನಾನು ಆ ಕಡೆ ಹೋಗಿರಲೇ ಇಲ್ಲ.

"ನನಗೆ ಈ ಮಂಡಿಯಲ್ಲಿ ಬಸ್ ಹತ್ತೋಕೆ ಆಗೋದಿಲ್ಲ. ನೀ ಒಮ್ಮೆ ನೋಡಿಕೊಂಡು ಬಂದು ಹೇಳು."

ಅವರು ನನ್ನನ್ನು ಕೇಳಿದ್ದು ಅಷ್ಟೇ. ಆ ಉತ್ತರ ಹೊತ್ತು ನಾನು ಮತ್ತೆ ಸದಾಶಿವಗಡಕ್ಕೆ ಹೋಗಲಿಲ್ಲ.

ಮರುವಾರವೇ ಹೋದೆ. ಕಾಲೊನಿ ಇನ್ನಷ್ಟು ಚಂದವಾಗಿತ್ತು. ಎಷ್ಟೋ ಮನೆಗೆ ಬಣ್ಣ ಬಂದಿತ್ತು, ಅಂಗಳದಲ್ಲಿ ಬೈಕುಗಳು. ಆಫೀಸಿನಿಂದ ನೇರವಾಗಿ ಹೋಗಿದ್ದರಿಂದ ಹೆಗಲ ಮೇಲೆ ಚೀಲವಿತ್ತು, ಕೈಯಲ್ಲಿ ಫೈಲು. ನಾನು ರಸ್ತೆಯಲ್ಲಿ ನಡೆದಂತೆ ಒಂದೊಂದೇ ಬಾಗಿಲ ಮಾತು ನಿಲ್ಲುತ್ತ ಬಂತು. ದೇವಕಿಯ ಜಗಲಿಯಲ್ಲಿ ಅಜ್ಜಿ ಕೂತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿತ್ತು. ಮುಂದೆ ಬೋಗುಣಿ, ಅದರ ತುಂಬ ಅನ್ನ, ಮೇಲೆ ಮೀನಿನ ಸಾರು. ಬಾಗಿಲಲ್ಲಿ ದೇವಕಿ ಸೌಟು ಹಿಡಿದು ನಿಂತಿದ್ದಳು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಓಡಿ ಹೋಗಿ ಅವರಿಗೆ ಹೇಳಬೇಕು ಅನ್ನಿಸಿತು.

ಅಷ್ಟರಲ್ಲಿ ಅಜ್ಜಿ ಕತ್ತೆತ್ತಿದಳು. ನನ್ನ ಮುಖ ನೋಡಿದಳು, ಆಮೇಲೆ ಫೈಲು ನೋಡಿದಳು. ಬೋಗುಣಿಯನ್ನು ಎರಡೂ ಕೈಯಿಂದ ಬೆನ್ನ ಹಿಂದೆ ಸರಿಸಿ, ಬಾಯಲ್ಲಿದ್ದ ತುತ್ತನ್ನು ಅಗಿಯದೆ ನುಂಗಿ, ತುಟಿಯ ಸಾರನ್ನು ಸೆರಗಿನಿಂದ ಒರೆಸಿಕೊಂಡಳು.

"ನಾ ಇಲ್ಲಿ ಉಣ್ಣೂದಿಲ್ಲ ಬಾಯೀ" ಅಂದಳು. "ಸುಮ್ನೆ ಕೂತದ್ದು."